ಹಳೆಯ ಕಬ್ ಕೆಡೆಟ್ ಟ್ರಾಕ್ಟರುಗಳ ನಿರ್ವಹಣೆ

ಕಬ್ ಕೆಡೆಟ್ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಉದ್ಯಾನ ಟ್ರಾಕ್ಟರು. ಹುಲ್ಲು ಕತ್ತರಿಸುವುದು, ಹಿಮ ಸರಿಸುವುದು ಮತ್ತು ಕೈತೋಟ ಉಳುವುದು ಇದರ ಮುಖ್ಯ ಕೆಲಸಗಳು. ಮೊದಲ ಮಾದರಿಯಲ್ಲಿ 7 ಅಶ್ವಶಕ್ತಿಯ ಕೋಹ್ಲರ್ ಎಂಜಿನ್ ಇತ್ತು. 1981ರಲ್ಲಿ ಈ ವಿಭಾಗವು ಎಂಟಿಡಿ ಸಂಸ್ಥೆಯ ಪಾಲಾಯಿತು.

ಒಂದೇ ಸಿಲಿಂಡರಿನ ಈ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದು. ಸಿಲಿಂಡರ್ ಸವೆದರೆ ಅದನ್ನು ಕೊರೆದು ತುಸು ದೊಡ್ಡ ಅಳತೆಯ ಪಿಸ್ಟನ್ ಅಳವಡಿಸಬಹುದಾದ ಕಾರಣ ಇಂತಹ ಟ್ರಾಕ್ಟರುಗಳನ್ನು ದಶಕಗಳ ನಂತರವೂ ದುರಸ್ತಿ ಮಾಡಲು ಸಾಧ್ಯವಾಗಿದೆ.

ಎಂಜಿನ್ ಗಾಳಿಯಿಂದ ತಣಿಯುತ್ತದೆ. ಲೋಹದ ಹೊದಿಕೆಯೊಳಗೆ ಒಣಹುಲ್ಲು ಅಥವಾ ಇಲಿಗೂಡು ಸೇರಿದರೆ ಗಾಳಿಯ ದಾರಿ ಮುಚ್ಚಿ ಎಂಜಿನ್ ಅತಿಯಾಗಿ ಕಾಯುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಬಹುಕಾಲ ನಿಂತಿದ್ದ ಟ್ರಾಕ್ಟರನ್ನು ಚಾಲನೆ ಮಾಡುವ ಮೊದಲು ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಿ, ಹೊದಿಕೆ ಬಿಚ್ಚಿ ಶುಚಿಗೊಳಿಸಬೇಕು. ಆಯಿಲ್ ಪಂಪ್ ಇಲ್ಲದ ಈ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಭಾಗಗಳಿಗೆ ಚಿಮ್ಮಿಸಲಾಗುತ್ತದೆ. ಎಣ್ಣೆಯ ಮಟ್ಟ ಇಳಿದರೆ ಕನೆಕ್ಟಿಂಗ್ ರಾಡ್ ಮುರಿಯುವ ಅಪಾಯವಿದೆ. ಕಿಡಿ ಬಾರದಿದ್ದಲ್ಲಿ ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ಶುಚಿಗೊಳಿಸಿ, ಅವುಗಳ ಅಂತರವನ್ನು 0.020 ಅಂಗುಲಕ್ಕೆ ಹೊಂದಿಸಲಾಗುತ್ತದೆ. ಗವರ್ನರನ್ನು ಬದಲಿಸಿ ವೇಗವನ್ನು ನಿಮಿಷಕ್ಕೆ 3,600 ಸುತ್ತುಗಳಿಗಿಂತ ಹೆಚ್ಚಿಸುವುದು ಸುರಕ್ಷಿತವಲ್ಲ.