ಅಂಚು ಮೊದಲು, ನವಿಲು ಆಮೇಲೆ

ಚಿತ್ರಗಾರ ಮೊದಲು ಚಿತ್ರ ಬರೆಯುತ್ತಾನೆ, ಚೌಕಟ್ಟು ಹಾಕಿಸುವುದು ಆಮೇಲೆ. ನಮ್ಮ ಜಿಲ್ಲೆಯ ನವಲಗುಂದದಲ್ಲಿ ನೇಯುವ ಜಮಖಾನ ಎಂಬ ಹತ್ತಿಯ ನೆಲಹಾಸಿನಲ್ಲಿ ಇದು ತಿರುವುಮುರುವು. ನೆಟ್ಟಗೆ ನಿಂತ ಮಗ್ಗದಲ್ಲಿ ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹಾಗಾಗಿ ಕೆಳಗಿನ ಅಂಚೇ ಮೊದಲು ಮೂಡಬೇಕು. ಎಡಬಲದ ಅಂಚುಗಳು ಒಳಗಿನ ಚಿತ್ರದ ಜೊತೆಗೇ ಎಳೆಎಳೆಯಾಗಿ ಬೆಳೆಯುತ್ತವೆ. ಎಷ್ಟು ಪಟ್ಟಿ, ಯಾವ ಬಣ್ಣ, ನಡುವೆ ಎಷ್ಟು ಜಾಗ ಎಂಬುದೆಲ್ಲ ಒಳಗೆ ಮೂಡಲಿರುವ ನವಿಲಿನ ಒಂದು ಗರಿ ಕಾಣುವ ಮೊದಲೇ ನೇಯುವಾಕೆಯ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ.

ಹೌದು, ನೇಯುವಾಕೆ. ಇದು ಹೆಣ್ಣುಮಕ್ಕಳ ಕಸುಬು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರ ಬಿಟ್ಟು ಬಂದ ನೇಕಾರ ಮನೆತನಗಳು ಇಲ್ಲಿ ನೆಲೆನಿಂತವು ಎನ್ನುತ್ತಾರೆ. ಅವರಿದ್ದ ಓಣಿಗೆ ಜಮಖಾನ ಗಲ್ಲಿ ಎಂದೇ ಹೆಸರು. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಮನೆಯಾಚೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. 2011ರಲ್ಲಿ ಈ ಜಮಖಾನಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಆದರೆ ಮಗ್ಗ ನಡೆಯುವ ಮನೆಗಳು ಇಂದು ತೀರ ಕಡಿಮೆ.

ಅಂಚಿನೊಳಗೆ ಏನೇ ನೇಯಲಿ, ಅದೇ ಹತ್ತಿ ನೂಲು, ಅದೇ ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು. ಅಂಚಿನೊಳಗೆ ಪಗಡೆಯ ಮನೆಗಳನ್ನು ನೇಯ್ದರೆ ಸುತ್ತಲೂ ಜನ ಕೂರುವ ಆಟದ ಹಾಸು. ನಾಲ್ಕೂ ಕಡೆಯಿಂದ ನೋಡಬಹುದು, ಇದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ. ಒಳಚೌಕಟ್ಟು ಮಸೀದಿಯ ಕಮಾನಿನಂತೆ ಒಂದು ತುದಿಯಲ್ಲಿ ಮೇಲೆದ್ದರೆ ಅದು ಜಾನಮಾಜ್, ನಮಾಜಿನ ಹಾಸು. ಒಂದು ಕಮಾನು ಬಂದದ್ದೇ ತಡ, ಬಟ್ಟೆಗೆ ದಿಕ್ಕು ಬಂತು: ಒಬ್ಬರೇ ನಿಲ್ಲುವ ಜಾಗ, ಹಣೆ ಊರುವ ಜಾಗ. ಅಲ್ಲಿ ನವಿಲು ಕೂರುವುದಿಲ್ಲ. ಚೌಕಟ್ಟು ಅರ್ಥವನ್ನು ಹೀಗೆ ತಿರುಗಿಸುವುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಕಲೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಈಗ ನೆಲದ ಮೇಲಿದ್ದ ಜಮಖಾನ ಗೋಡೆ ಏರುತ್ತಿದೆ. ಗೋಡೆಗೆ ಬಂದರೆ ಕಲೆ, ನೆಲದಲ್ಲಿದ್ದರೆ ಬರೀ ಹಾಸು ಎನ್ನುವ ತಾರತಮ್ಯ ನನಗೆ ಒಪ್ಪಿಗೆಯಿಲ್ಲ. ಗಾಜು, ಕಟ್ಟಿಗೆಯ ಕಟ್ಟು ಹಾಕಿಸಿದರಂತೂ ನಷ್ಟವೇ ಹೆಚ್ಚು. ಜಮಖಾನದ ಎರಡೂ ಮುಖ ಒಂದೇ ತೆರ. ಬಣ್ಣದ ಹೊಕ್ಕು ತನ್ನ ಗಡಿ ಮುಟ್ಟಿದಲ್ಲೇ ಮರಳುತ್ತದೆ, ಹಿಂಬದಿಯಲ್ಲಿ ಸಡಿಲ ಎಳೆ ಇಳಿಬೀಳುವುದಿಲ್ಲ. ಆ ಕೈಚಳಕದ ಅರ್ಧವನ್ನು ಗಾಜಿನ ಹಿಂದಿನ ಹಲಗೆ ಮುಚ್ಚಿಬಿಡುತ್ತದೆ. ಕಟ್ಟಿಗೆಯ ಪಟ್ಟಿ ಮೊದಲು ನುಂಗುವುದೂ ಅಂಚನ್ನೇ.

ತೂಗುಹಾಕಲೇಬೇಕೆಂದರೆ ಕೋಲಿಗೆ ಇಳಿಬಿಟ್ಟು, ಎರಡೂ ಬದಿ ಓಡಾಡುವಲ್ಲಿ ಹಾಕಿ. ಹಾಸುವುದಾದರೆ ಅದರ ಮೇಲೆ ಕೂತು ಪಗಡೆಯಾಡಿ.