ಕಾಲು ಉದ್ದಗೊಳಿಸುವ ಶಸ್ತ್ರಚಿಕಿತ್ಸೆಯ ನಂತರ ಕ್ರೀಡೆಗೆ ಮರಳುವಿಕೆ

ಕಾಲು ಉದ್ದಗೊಳಿಸುವ ಶಸ್ತ್ರಚಿಕಿತ್ಸೆಯ ನಂತರ ಕ್ರೀಡೆಗೆ ಮರಳುವಿಕೆ ಎಂದರೆ, ಮೂಳೆಯನ್ನು ಕತ್ತರಿಸಿ ನಿಧಾನವಾಗಿ ಹಿಗ್ಗಿಸುವ ಚಿಕಿತ್ಸೆಗೆ ಒಳಗಾದವರು ನಡಿಗೆ, ಓಟ, ಜಿಗಿತ ಮತ್ತು ಆಟೋಟಗಳಿಗೆ ಹಂತಹಂತವಾಗಿ ಹಿಂದಿರುಗುವ ಪ್ರಕ್ರಿಯೆ. ಒಂದು ಕಾಲು ಮತ್ತೊಂದಕ್ಕಿಂತ ಗಿಡ್ಡವಾಗಿರುವವರಿಗೆ, ಅಪಘಾತ ಅಥವಾ ಸೋಂಕಿನಿಂದ ಮೂಳೆಯ ಭಾಗವನ್ನು ಕಳೆದುಕೊಂಡವರಿಗೆ ಹಾಗೂ ಹುಟ್ಟಿನಿಂದಲೇ ಕುಬ್ಜತೆ ಇರುವವರಿಗೆ ಈ ಚಿಕಿತ್ಸೆಯನ್ನು ಮಾಡಲಾಗುತ್ತದೆ. ಎತ್ತರವನ್ನು ಹೆಚ್ಚಿಸಿಕೊಳ್ಳುವ ಉದ್ದೇಶದಿಂದ ಇದನ್ನು ಮಾಡಿಸಿಕೊಳ್ಳುವವರೂ ಇದ್ದಾರೆ. ಮೂಳೆ ಬೇಕಾದಷ್ಟು ಉದ್ದವಾದೊಡನೆ ಚಿಕಿತ್ಸೆ ಮುಗಿಯುವುದಿಲ್ಲ. ಹೊಸ ಮೂಳೆ ಗಟ್ಟಿಯಾಗುವುದು, ಬಿಗಿದ ಸ್ನಾಯುಗಳು ಸಡಿಲಗೊಳ್ಳುವುದು ಮತ್ತು ಕುಗ್ಗಿದ ಬಲ ಮರಳುವುದು ಇವೆಲ್ಲವೂ ಆದ ಬಳಿಕವೇ ಕ್ರೀಡೆ ಸಾಧ್ಯವಾಗುತ್ತದೆ.

ಹಿನ್ನೆಲೆ

ಇಟಲಿಯ ಬೊಲೋನ್ಯದ ವೈದ್ಯ ಅಲೆಸ್ಸಾಂಡ್ರೊ ಕೊಡಿವಿಲ್ಲಾ ಅವರು ಕಾಲನ್ನು ಉದ್ದಗೊಳಿಸುವ ವಿಧಾನವನ್ನು ಕುರಿತು 1905ರಲ್ಲಿ ಬರೆದರು. ಒಮ್ಮೆಲೇ ಬಲವಾಗಿ ಎಳೆಯುವ ಆ ಕಾಲದ ವಿಧಾನಗಳಲ್ಲಿ ನರ ಮತ್ತು ರಕ್ತನಾಳಗಳಿಗೆ ಹಾನಿಯಾಗುವ ಅಪಾಯವಿತ್ತು. 1950ರ ದಶಕದಲ್ಲಿ ಸೈಬೀರಿಯದ ಕುರ್ಗಾನ್ ಪ್ರದೇಶದಲ್ಲಿ ಸೇವೆಯಲ್ಲಿದ್ದ ಸೋವಿಯತ್ ವೈದ್ಯ ಗವ್ರೀಲ್ ಇಲಿಜರೋವ್ (1921–1992) ಅವರು ಲೋಹದ ಉಂಗುರಗಳು ಮತ್ತು ಬಿಗಿದ ತಂತಿಗಳಿಂದ ಕೂಡಿದ ಹೊರಚೌಕಟ್ಟನ್ನು ರೂಪಿಸಿದರು. ಮೂಳೆಯ ತುಂಡುಗಳನ್ನು ಸ್ಥಿರವಾಗಿ ಹಿಡಿದು ದಿನವೂ ಅತ್ಯಲ್ಪ ಪ್ರಮಾಣದಲ್ಲಿ ದೂರ ಸರಿಸಿದರೆ, ನಡುವಿನ ಅಂತರದಲ್ಲಿ ಹೊಸ ಮೂಳೆ ಬೆಳೆಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ವಲೇರಿ ಬ್ರೂಮೆಲ್ ಪ್ರಕರಣ

ಈ ವಿಧಾನದ ಖ್ಯಾತಿಯನ್ನು ಹರಡಿದ ರೋಗಿಗಳಲ್ಲಿ ಸೋವಿಯತ್ ಎತ್ತರ ಜಿಗಿತಗಾರ ವಲೇರಿ ಬ್ರೂಮೆಲ್ (1942–2003) ಪ್ರಮುಖರು. ಅವರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕವನ್ನೂ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕವನ್ನೂ ಗಳಿಸಿದ್ದರು. 1963ರಲ್ಲಿ 2.28 ಮೀಟರ್ ಜಿಗಿದು ಅವರು ಸ್ಥಾಪಿಸಿದ ವಿಶ್ವದಾಖಲೆ 1971ರವರೆಗೆ ಉಳಿದಿತ್ತು. 1965ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಅವರ ಬಲಗಾಲು ತೀವ್ರವಾಗಿ ಜಖಂಗೊಂಡಿತು. ಅನೇಕ ಶಸ್ತ್ರಚಿಕಿತ್ಸೆಗಳ ನಂತರವೂ ಮೂಳೆ ಕೂಡಿಕೊಳ್ಳಲಿಲ್ಲ. 1968ರಲ್ಲಿ ಕುರ್ಗಾನ್‌ನಲ್ಲಿ ಇಲಿಜರೋವ್ ಅವರು ಚಿಕಿತ್ಸೆ ನೀಡಿ, ಮೂಳೆಯನ್ನು ಕೂಡಿಸಿ ಗಿಡ್ಡವಾಗಿದ್ದ ಕಾಲನ್ನು ಸರಿಪಡಿಸಿದರು. ಆ ಬಳಿಕ ಬ್ರೂಮೆಲ್ ಮತ್ತೆ ಅಭ್ಯಾಸ ನಡೆಸಿ 2 ಮೀಟರ್‌ಗೂ ಮೀರಿದ ಎತ್ತರವನ್ನು ಜಿಗಿದರು. ಆದರೆ ತಮ್ಮ ಹಳೆಯ ದಾಖಲೆಯ ಮಟ್ಟವನ್ನು ಅವರು ಪುನಃ ತಲುಪಲಿಲ್ಲ. ಕ್ರೀಡೆಗೆ ಮರಳುವುದು ಬೇರೆ, ಹಿಂದಿನ ಸಾಮರ್ಥ್ಯಕ್ಕೆ ಮರಳುವುದು ಬೇರೆ ಎಂಬುದಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ಮೂಳೆ ಬೆಳೆಯುವ ಕ್ರಮ

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 5ರಿಂದ 10 ದಿನಗಳ ವಿರಾಮವಿರುತ್ತದೆ. ಆಮೇಲೆ ಮೂಳೆಯನ್ನು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ, ಹಲವು ಸಲ ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಲಾಗುತ್ತದೆ. ವೇಗ ಹೆಚ್ಚಾದರೆ ಹೊಸ ಮೂಳೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ, ಕಡಿಮೆಯಾದರೆ ಅವಧಿಗೆ ಮುನ್ನವೇ ಕೂಡಿಕೊಳ್ಳಬಹುದು. ಈ ಲೆಕ್ಕದಲ್ಲಿ 5 ಸೆಂಟಿಮೀಟರ್ ಹಿಗ್ಗಿಸಲು ಸುಮಾರು 50 ದಿನಗಳು ಬೇಕು. ಹೀಗೆ ಬೆಳೆದ ಮೃದುವಾದ ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮಕ್ಕಳಲ್ಲಿ ಈ ಅವಧಿ ಕಡಿಮೆ, ವಯಸ್ಕರಲ್ಲಿ ಹೆಚ್ಚು. ಧೂಮಪಾನವು ಮೂಳೆ ಕೂಡುವುದನ್ನು ತಡಮಾಡುತ್ತದೆ.

ಸ್ನಾಯು ಮತ್ತು ಕೀಲುಗಳು

ಮೂಳೆಯ ಜೊತೆಗೆ ಸ್ನಾಯು, ನರ, ರಕ್ತನಾಳ ಮತ್ತು ಚರ್ಮವೂ ಹಿಗ್ಗಬೇಕಾಗುತ್ತದೆ. ಸ್ನಾಯುಗಳು ಮೂಳೆಯ ವೇಗಕ್ಕೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ತೊಡೆಮೂಳೆಯನ್ನು ಉದ್ದಗೊಳಿಸಿದಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿ ಮಂಡಿಯನ್ನು ಪೂರ್ತಿ ಮಡಿಸಲು ಕಷ್ಟವಾಗುತ್ತದೆ. ಮಂಡಿಯ ಕೆಳಗಿನ ಮೂಳೆಯನ್ನು ಉದ್ದಗೊಳಿಸಿದಾಗ ಮೀನಖಂಡ ಬಿಗಿದು, ಹಿಮ್ಮಡಿ ನೆಲಕ್ಕೆ ತಾಗದೆ ತುದಿಗಾಲಿನಲ್ಲಿ ನಡೆಯುವ ಸ್ಥಿತಿ ಬರಬಹುದು. ಹಿಮ್ಮಡಿ ಊರದ ಕಾಲಿನಿಂದ ಓಡಲಾಗದು, ಮಂಡಿ ಮಡಿಸಲಾಗದವರು ನೆಲದ ಮೇಲೆ ಕುಳಿತುಕೊಳ್ಳಲಾರರು. ಆದುದರಿಂದ ಭೌತಚಿಕಿತ್ಸೆಯನ್ನು ಹಿಗ್ಗಿಸುವ ದಿನಗಳಿಂದಲೇ ಪ್ರತಿದಿನ ಮಾಡಿಸಲಾಗುತ್ತದೆ. ಕೀಲಿನ ಚಲನೆ ತೀರಾ ಕುಗ್ಗಿದರೆ ವೈದ್ಯರು ಹಿಗ್ಗಿಸುವ ವೇಗವನ್ನು ತಗ್ಗಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ.

ಚಟುವಟಿಕೆಯ ಹಂತಗಳು

ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದು ಬಳಸಿದ ಸಾಧನವನ್ನು ಅವಲಂಬಿಸಿದೆ. ಉಂಗುರದ ಚೌಕಟ್ಟು ಇರುವವರಿಗೆ ಊರುಗೋಲಿನ ಆಸರೆಯಲ್ಲಿ ಭಾರ ಹಾಕಿ ನಡೆಯಲು ಸಾಮಾನ್ಯವಾಗಿ ಪ್ರೋತ್ಸಾಹ ನೀಡಲಾಗುತ್ತದೆ. ಮೂಳೆಯ ಒಳಗೆ ಅಳವಡಿಸುವ ಹಿಗ್ಗುವ ಸರಳುಗಳಲ್ಲಿ, ಸರಳೇ ಬಾಗುವ ಅಥವಾ ಮುರಿಯುವ ಅಪಾಯವಿರುವುದರಿಂದ, ಭಾರಕ್ಕೆ ಹೆಚ್ಚಾಗಿ ಮಿತಿಯಿರುತ್ತದೆ.

ಕ್ಷ-ಕಿರಣ ಚಿತ್ರದಲ್ಲಿ ಹೊಸ ಮೂಳೆಯ ನಾಲ್ಕು ಬದಿಗಳ ಪೈಕಿ ಕನಿಷ್ಠ ಮೂರು ಬದಿಗಳಲ್ಲಿ ಹೊರಪದರ ಅಖಂಡವಾಗಿ ಕಂಡುಬಂದರೆ ಮೂಳೆ ಭಾರ ಹೊರಲು ಸಿದ್ಧವಾಗಿದೆಯೆಂದು ಪರಿಗಣಿಸುವುದು ವಾಡಿಕೆ. ಮೊದಲು ನಡಿಗೆ ಮತ್ತು ಸ್ಥಿರ ಸೈಕಲ್, ತಂತಿಯ ಗಾಯಗಳು ಮಾಗಿದ ಬಳಿಕ ಈಜು, ಅನಂತರ ಸ್ನಾಯುಬಲದ ವ್ಯಾಯಾಮಗಳು, ಅದಾದ ಮೇಲೆ ನಿಧಾನ ಓಟ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಕಬಡ್ಡಿ, ಫುಟ್‌ಬಾಲ್, ಎತ್ತರ ಜಿಗಿತದಂತಹ ಹೊಡೆತ ಮತ್ತು ತಿರುಚುವಿಕೆಯ ಆಟಗಳು ಕೊನೆಯವು. ಅವುಗಳಿಗೆ ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಾಯಬೇಕಾಗುತ್ತದೆ. ದಿನಗಳ ಎಣಿಕೆಗಿಂತ ಮೂಳೆಯ ಗಟ್ಟಿತನ, ಕೀಲಿನ ಚಲನೆ ಮತ್ತು ಎರಡೂ ಕಾಲುಗಳ ಬಲದ ಹೋಲಿಕೆ ನಿರ್ಣಾಯಕವಾಗಿವೆ.

ಅಪಾಯಗಳು ಮತ್ತು ಮಿತಿಗಳು

ಚೌಕಟ್ಟನ್ನು ತೆಗೆದ ನಂತರದ ಮೊದಲ ವಾರಗಳು ಸೂಕ್ಷ್ಮವಾದವು. ನೋವಿಲ್ಲವೆಂಬ ಧೈರ್ಯದಿಂದ ಬೇಗನೆ ಓಡಿದರೆ ಹೊಸ ಮೂಳೆ ಮುರಿಯಬಹುದು ಅಥವಾ ಬಾಗಬಹುದು. ತಂತಿಗಳ ಸುತ್ತ ಸೋಂಕು, ನರದ ಹಾನಿ ಮತ್ತು ಕೀಲುಗಳ ಬಿಗಿತ ಇತರ ತೊಡಕುಗಳು. ಹಿಗ್ಗಿಸಿದ ಉದ್ದ ಹೆಚ್ಚಿದಷ್ಟೂ ಇವುಗಳ ಸಂಭವವೂ ಹೆಚ್ಚುತ್ತದೆ.

ಗಿಡ್ಡ ಕಾಲಿನಿಂದ ಕುಂಟುತ್ತಿದ್ದವರು ಚಿಕಿತ್ಸೆಯಿಂದ ಸಮನಾದ ನಡಿಗೆಯನ್ನು ಪಡೆಯಬಹುದು. ಎತ್ತರಕ್ಕಾಗಿ ಮಾತ್ರ ಆರೋಗ್ಯವಂತ ಕಾಲುಗಳನ್ನು ಉದ್ದಗೊಳಿಸಿಕೊಳ್ಳುವವರ ಸ್ಥಿತಿ ಭಿನ್ನವಾಗಿದೆ. ಅವರು ಈಗಾಗಲೇ ಇರುವ ಓಟ ಮತ್ತು ಜಿಗಿತದ ಶಕ್ತಿಯನ್ನೇ ಪಣಕ್ಕಿಡುತ್ತಾರೆ. ಆದಕಾರಣ ಕ್ರೀಡೆಯಲ್ಲಿ ಆಸಕ್ತಿಯುಳ್ಳವರೊಂದಿಗೆ ಈ ಸಾಧ್ಯತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಚರ್ಚಿಸುವುದು ಅಗತ್ಯವಾಗಿದೆ.