ವಿಕಿರಣವಸ್ತುವಿನ ಕರಡಿಗೆಯೂ ಅದರ ಆಘಾತಶೋಷಕವೂ

ಕರಡಿಗೆ ಎಂಬ ಶಬ್ದವು ನಮಗೆ ಅತಿ ಪರಿಚಿತವಾದುದು. ಸಂಸ್ಕೃತದ ಕರಂಡಕದಿಂದ ತದ್ಭವವಾಗಿ ಬಂದ ಈ ಪದವು ಅಮೂಲ್ಯವಾದುದನ್ನು ಕಾಪಿಟ್ಟುಕೊಳ್ಳುವ ಸಂಪುಟವನ್ನು ಸೂಚಿಸುತ್ತದೆ. ಇಷ್ಟಲಿಂಗಧಾರಿಗಳ ಎದೆಯ ಮೇಲೆ ಅದನ್ನು ನಿತ್ಯವೂ ಕಾಣುತ್ತೇವೆ. ಆಧುನಿಕ ವಿಜ್ಞಾನವೂ ಒಂದು ಬಗೆಯ ಕರಡಿಗೆಯನ್ನು ನಿರ್ಮಿಸಿಕೊಂಡಿದೆ. ಆದರೆ ಹೋಲಿಕೆಯು ಪದಕ್ಕೆ ಮಾತ್ರ ಸಲ್ಲತಕ್ಕುದು, ವಸ್ತುವಿಗಲ್ಲ. ನಮ್ಮ ಕರಡಿಗೆಯು ಒಳಗಿರುವುದನ್ನು ಹೊರಗಿನ ಲೋಕದಿಂದ ರಕ್ಷಿಸುತ್ತದೆ. ಅದಾದರೋ ಒಳಗಿರುವುದರಿಂದ ಹೊರಗಿನ ಲೋಕವನ್ನು ರಕ್ಷಿಸಬೇಕಾಗಿದೆ. ವಿಕಿರಣಶೀಲ ವಸ್ತುಗಳನ್ನು ಊರಿಂದೂರಿಗೆ ಒಯ್ಯುವ ಆ ಸಂಪುಟಕ್ಕೆ ಬೀಳಬಹುದಾದ ಪೆಟ್ಟನ್ನು ತಾನೇ ಹೀರಿಕೊಳ್ಳುವ ಹೊರಗವಚವೊಂದುಂಟು. ಅದೇ ಆಘಾತಶೋಷಕ. ಅದರ ರಚನೆಯನ್ನೂ ಪರೀಕ್ಷೆಯನ್ನೂ ಇಲ್ಲಿ ಯಥಾಮತಿ ನಿರೂಪಿಸಲಾಗುವುದು.

ಅಪಾಯಕಾರಿಯಾದ ವಸ್ತುವನ್ನು ಇದ್ದಲ್ಲಿಯೇ ಇಡಬಾರದೇ, ರಸ್ತೆಗೆ ತರುವುದೇಕೆ ಎಂಬ ಶಂಕೆ ಸಹಜವಾದುದು. ಅರ್ಬುದರೋಗದ ಚಿಕಿತ್ಸೆಯಲ್ಲಿ ಬಳಕೆಯಾಗುವ ಕೋಬಾಲ್ಟ್-60 ಎಂಬ ಧಾತುವನ್ನೇ ನೋಡಿರಿ. ನಮ್ಮ ದೇಶದಲ್ಲಿ ಇದು ರಾಜಸ್ಥಾನದ ಪರಮಾಣು ವಿದ್ಯುತ್ ಸ್ಥಾವರವೇ ಮೊದಲಾದೆಡೆ ತಯಾರಾಗುತ್ತದೆ. ಇದರ ಶಕ್ತಿಯು ಸುಮಾರು 5.27 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ, ಕೋಬಾಲ್ಟ್ ಯಂತ್ರವಿರುವ ಆಸ್ಪತ್ರೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಹೊಸದನ್ನು ಒಯ್ಯಬೇಕು, ಹಳೆಯದನ್ನು ಹಿಂದೆ ತರಬೇಕು. ಸಾಗಾಟ ನಿಂತರೆ ರೋಗಿಯ ಚಿಕಿತ್ಸೆಯೂ ನಿಂತಂತೆ. ವಿದ್ಯುತ್ ಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನೂ ಅನೇಕ ದೇಶಗಳಲ್ಲಿ ರೈಲು, ರಸ್ತೆ, ಹಡಗುಗಳ ಮೂಲಕ ಸಾಗಿಸುತ್ತಾರೆ. ಅದರ ಸಂಪುಟಗಳಲ್ಲಿ ಕೆಲವು ನೂರು ಟನ್ನಿಗೂ ಮಿಗಿಲಾದ ಭಾರವುಳ್ಳವು. ಹೀಗೆ ಸಾಗಿಸುವುದು ಅನಿವಾರ್ಯವಾದ ಮೇಲೆ, ದಾರಿಯಲ್ಲಿ ಅನಾಹುತವಾದರೂ ಸಂಪುಟದ ಬಾಯಿ ತೆರೆಯಬಾರದು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಇದಕ್ಕೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 1961ರಲ್ಲಿ ಮೊದಲು ನಿಯಮಗಳನ್ನು ಪ್ರಕಟಿಸಿತು. ಆಮೇಲೆ ಅವು ಹಲವು ಸಲ ಪರಿಷ್ಕೃತವಾಗಿವೆ. ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಇಂತಹ ಸಂಪುಟಗಳಿಗೆ ಅನುಮತಿ ನೀಡುವ ಅಧಿಕಾರವುಳ್ಳದ್ದು. ತೀವ್ರ ವಿಕಿರಣವಸ್ತುವನ್ನು ಹೊರುವ, ‘ಬಿ’ ವರ್ಗವೆನಿಸಿದ ಸಂಪುಟವು ಎದುರಿಸಬೇಕಾದ ಪರೀಕ್ಷೆಗಳು ಸ್ಥೂಲವಾಗಿ ಇವು: 9 ಮೀಟರ್ ಎತ್ತರದಿಂದ ಮಣಿಯದ ನೆಲದ ಮೇಲೆ ಬೀಳಬೇಕು, 1 ಮೀಟರ್ ಎತ್ತರದಿಂದ, 15 ಸೆಂಟಿಮೀಟರ್ ವ್ಯಾಸದ ನೆಟ್ಟ ಉಕ್ಕಿನ ಕಂಬದ ಮೇಲೆ ಬೀಳಬೇಕು, ಹೀಗೆ ಜರ್ಝರಿತವಾದ ಅದೇ ಸಂಪುಟವು 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇರಬೇಕು. ನೀರಿನಲ್ಲಿ ಮುಳುಗಿಸುವ ಪರೀಕ್ಷೆ ಬೇರೆಯೇ ಉಂಟು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. 9 ಮೀಟರಿನಿಂದ ಬಿದ್ದ ವಸ್ತುವು ನೆಲ ಮುಟ್ಟುವಾಗಿನ ವೇಗವು ಗಂಟೆಗೆ ಸುಮಾರು 48 ಕಿಲೋಮೀಟರ್ ಮಾತ್ರ. ಲಾರಿಯೂ ರೈಲೂ ಇದಕ್ಕಿಂತ ಬಹಳ ವೇಗವಾಗಿ ಓಡುತ್ತವೆಯಲ್ಲ! ಇದಕ್ಕೆ ಸಮಾಧಾನವು ‘ಮಣಿಯದ ನೆಲ’ ಎಂಬ ವಿಶೇಷಣದಲ್ಲಿದೆ. ನಿಜವಾದ ಅಪಘಾತದಲ್ಲಿ ಮಣ್ಣು ತಗ್ಗಾಗುತ್ತದೆ, ಎದುರಿನ ವಾಹನ ನಜ್ಜುಗುಜ್ಜಾಗುತ್ತದೆ. ಪೆಟ್ಟಿನ ದೊಡ್ಡ ಪಾಲನ್ನು ಅವು ಉಣ್ಣುತ್ತವೆ. ಪರೀಕ್ಷೆಯ ನೆಲವಾದರೋ ಭಾರೀ ಕಾಂಕ್ರೀಟಿನ ಮೇಲೆ ಉಕ್ಕಿನ ಫಲಕವನ್ನು ಬಿಗಿದದ್ದು. ಅದು ಏನನ್ನೂ ಉಣ್ಣದೆ ಪೆಟ್ಟನ್ನೆಲ್ಲ ಸಂಪುಟಕ್ಕೇ ಹಿಂತಿರುಗಿಸುತ್ತದೆ.

ಇಂಗ್ಲೆಂಡಿನಲ್ಲಿ 17 ಜುಲೈ 1984ರಂದು ನಡೆದ ಪ್ರದರ್ಶನವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿಯ ಕೇಂದ್ರ ವಿದ್ಯುದುತ್ಪಾದನ ಮಂಡಳಿಯು ಲೀಸ್ಟರ್‌ಷೈರಿನ ಓಲ್ಡ್ ಡಾಲ್ಬಿ ಎಂಬಲ್ಲಿ, ಒಂದಡಿಗೂ ಮಿಗಿಲಾದ ದಪ್ಪದ ಉಕ್ಕಿನ ಗೋಡೆಯುಳ್ಳ ಸಂಪುಟವೊಂದನ್ನು ಹಳಿಯ ಮೇಲೆ ಅಡ್ಡವಾಗಿರಿಸಿತು. ಒಳಗೆ ವಿಕಿರಣವಸ್ತು ಇರಲಿಲ್ಲ. ಚಾಲಕನಿಲ್ಲದ ಡೀಸೆಲ್ ಎಂಜಿನ್ ಮೂರು ಬೋಗಿಗಳೊಡನೆ ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಬಂದು ಅದಕ್ಕೆ ಅಪ್ಪಳಿಸಿತು. ಎಂಜಿನ್ ಧ್ವಂಸವಾಯಿತು, ಸಂಪುಟದ ಒಳಗಿನ ಒತ್ತಡವು ಮಾತ್ರ ಅತ್ಯಲ್ಪವಾಗಿ ಇಳಿದಿತ್ತು. ಅಂದು ಎಂಜಿನ್ನೇ ಆಘಾತಶೋಷಕವಾಯಿತೆಂದು ಹೇಳಬಹುದು.

ಪ್ರತಿ ಸಲವೂ ಎದುರಿನ ವಸ್ತು ಹೀಗೆ ನೆರವಾಗುವುದೆಂದು ನಂಬುವಂತಿಲ್ಲ. ಆದುದರಿಂದ ಸಂಪುಟವು ತನ್ನ ಆಘಾತಶೋಷಕವನ್ನು ತಾನೇ ಹೊತ್ತುಕೊಂಡಿರಬೇಕು. ಇದರ ತತ್ತ್ವವನ್ನು ತೆಂಗಿನಕಾಯಿಯಲ್ಲಿ ಕಾಣಬಹುದು. ಸುಲಿದ ಕಾಯಿ ಕಲ್ಲಿಗೆ ತಾಗಿದೊಡನೆ ಒಡೆಯುತ್ತದೆ. ಸುಲಿಯದ ಕಾಯಿ ಮರದ ನೆತ್ತಿಯಿಂದ ಬಿದ್ದರೂ ಸಾಮಾನ್ಯವಾಗಿ ಚಿಪ್ಪು ಉಳಿಯುತ್ತದೆ. ಚಿಪ್ಪಿಗಿಂತ ಸಿಪ್ಪೆ ಗಟ್ಟಿಯೆಂದಲ್ಲ. ಮೆತ್ತನೆಯದಾದ್ದರಿಂದಲೇ ಅದು ಕಾಯುತ್ತದೆ. ಲೆಕ್ಕವೂ ಸುಲಭ. 9 ಮೀಟರ್ ಬಿದ್ದ ಸಂಪುಟವು 1 ಸೆಂಟಿಮೀಟರಿನಲ್ಲಿ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲವು ಸ್ವಂತ ತೂಕದ ಸುಮಾರು 900 ಪಟ್ಟು. ಹೊರಗವಚವು ಜಜ್ಜಿಹೋಗುತ್ತ 30 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅದೇ ಬಲವು ಸುಮಾರು 30 ಪಟ್ಟಿಗೆ ಇಳಿಯುತ್ತದೆ. ಮುಚ್ಚಳದ ಬೋಲ್ಟುಗಳೂ, ಸೋರದಂತೆ ತಡೆಯುವ ಉಂಗುರಗಳೂ ಉಳಿಯುವುದು ಈ ಅಂತರದಿಂದಲೇ.

ಇದಕ್ಕಾಗಿ ಪಾಲಿಯುರೆಥೇನ್ ನೊರೆವಸ್ತು, ಜೇನುಗೂಡಿನಂತೆ ರಚಿಸಿದ ಅಲ್ಯೂಮಿನಿಯಂ ಮೊದಲಾದುವನ್ನು ಬಳಸುತ್ತಾರೆ. ಆದರೆ ಈ ಯಂತ್ರಯುಗದಲ್ಲಿಯೂ ಮರಕ್ಕೆ ಇಲ್ಲಿ ಮನ್ನಣೆ ತಪ್ಪಿಲ್ಲ. ಬಾಲ್ಸಾ, ರೆಡ್‌ವುಡ್, ಸ್ಪ್ರೂಸ್ ಮರಗಳ ತುಂಡುಗಳನ್ನು ಉಕ್ಕಿನ ತಗಡಿನ ಹೊದಿಕೆಯೊಳಗೆ ತುಂಬಿ, ಸಂಪುಟದ ಎರಡು ತುದಿಗಳಿಗೂ ಟೋಪಿಯಂತೆ ತೊಡಿಸುತ್ತಾರೆ. ಮರವೆಂಬುದು ಸೂಕ್ಷ್ಮ ನಾಳಗಳ ಕಂತೆ. ಪೆಟ್ಟು ಬಿದ್ದಾಗ ನಾಳಗಳ ಗೋಡೆಗಳು ಮಡಿಚಿಕೊಂಡು, ಹೆಚ್ಚು ಕಡಮೆ ಒಂದೇ ಮಟ್ಟದ ಪ್ರತಿರೋಧ ಕೊಡುತ್ತ ಕುಗ್ಗುತ್ತವೆ. ಪೊಳ್ಳೆಲ್ಲ ತುಂಬಿದ ಮೇಲೆ ಮರವು ಕಲ್ಲಿನಂತೆ ಬಿಗಿಯುತ್ತದೆ; ಅಷ್ಟರೊಳಗೆ ಸಂಪುಟ ನಿಂತಿರಬೇಕು.

ಆದರೆ ಮರವು ಕಾರ್ಖಾನೆಯಲ್ಲಿ ಎರಕ ಹೊಯ್ದ ವಸ್ತುವಲ್ಲ. ಎಳೆಯ ಉದ್ದಕ್ಕೆ ಒತ್ತಿದಾಗ ತೋರುವ ಬಲದಲ್ಲಿ ಅದು ಅಡ್ಡಕ್ಕೆ ತೋರುವುದು ಅಲ್ಪಾಂಶ ಮಾತ್ರ. ಗಂಟು, ತೇವ, ಸಾಂದ್ರತೆ ಒಂದೊಂದು ತುಂಡಿಗೂ ಬೇರೆ. ಚಳಿಯಲ್ಲಿ ಸೆಡೆತು ಪೆಟ್ಟನ್ನು ತೀವ್ರಗೊಳಿಸುತ್ತದೆ. ಕಾವಿನಲ್ಲಿ ಮೆದುವಾಗಿ ಬೇಗ ಪೂರ್ತಿ ಕುಗ್ಗಿಬಿಡಬಹುದು. ಆದುದರಿಂದ ಮೈನಸ್ 40 ಡಿಗ್ರಿಯ ಚಳಿಯನ್ನೂ, 38 ಡಿಗ್ರಿಯ ಹವೆಯೊಡನೆ ಒಳಗಿನ ವಸ್ತುವಿನ ಶಾಖವನ್ನೂ, ಎರಡನ್ನೂ ಗಣಿಸಬೇಕು. ತಗಡಿನ ಹೊದಿಕೆಯ ಪಾತ್ರವೂ ಕಿರಿದಲ್ಲ. ಅದು ಬಿಗಿಯಾಗಿ ಹಿಡಿದಿದ್ದರೆ ಮರ ತನ್ನ ಬಲವನ್ನು ಉಳಿಸಿಕೊಂಡು ಕುಗ್ಗುತ್ತದೆ. ಹರಿದರೆ ಎಳೆಗಳು ಪಕ್ಕಕ್ಕೆ ಚೆದುರಿ ಬಲ ಕುಸಿಯುತ್ತದೆ. ಹರಿದ ಕಡೆಯಿಂದ ಗಾಳಿ ಹೊಕ್ಕು, ಬೆಂಕಿ ಆರಿದ ಮೇಲೂ ಮರವು ಗಂಟೆಗಟ್ಟಲೆ ಒಳಗೊಳಗೇ ಕನಲುವ ಅಪಾಯವೂ ಉಂಟು.

ಇಷ್ಟನ್ನೂ ಮುಂಚಿತವಾಗಿ ಅಳೆಯಲು ಗಣಿತದ ಪ್ರತಿರೂಪವನ್ನು ರಚಿಸುತ್ತಾರೆ. ‘ಫೈನೈಟ್ ಎಲಿಮೆಂಟ್’ ಎಂಬ ವಿಧಾನದಲ್ಲಿ ಸಂಪುಟವನ್ನೂ ಮರವನ್ನೂ ಅಸಂಖ್ಯ ಚಿಕ್ಕ ಖಂಡಗಳಾಗಿ ಕಲ್ಪಿಸಿ, ಕ್ಷಣದ ಸಾವಿರದಲ್ಲೊಂದಕ್ಕೂ ಕಿರಿದಾದ ಕಾಲಖಂಡಗಳಲ್ಲಿ ಒಂದೊಂದರ ಚಲನೆಯನ್ನು ಗಣಕಯಂತ್ರದಿಂದ ಲೆಕ್ಕ ಹಾಕಿಸುತ್ತಾರೆ. ನೆಟ್ಟಗೆ, ಮಗ್ಗುಲಾಗಿ, ಮೂಲೆಯ ಮೇಲೆ, ಹೀಗೆ ಹಲವು ಬಗೆಯ ಪತನಗಳನ್ನು ಇದರಿಂದ ಊಹಿಸಬಹುದು. ಆದರೆ ಈ ಗಣಿತಕ್ಕೆ ಮರದ ಗುಣವನ್ನು ಕಲಿಸುವವರಾರು? ಅದಕ್ಕೆ ಮರದ ತುಂಡುಗಳನ್ನು ಬೇರೆ ಬೇರೆ ವೇಗ, ಉಷ್ಣತೆ, ದಿಕ್ಕುಗಳಲ್ಲಿ ಜಜ್ಜಿ ಅಳೆಯಬೇಕು. ಚಿಕ್ಕ ಮಾದರಿಗಳನ್ನು ಬೀಳಿಸಿ ನೋಡುವುದೂ ಉಂಟು. ಆದರೆ ಮೂರನೆಯ ಒಂದಳತೆಯ ಮಾದರಿಯಲ್ಲಿ ಪೆಟ್ಟಿನ ಕಾಲ ಮೂರನೆಯ ಒಂದಕ್ಕೆ ಇಳಿಯುತ್ತದೆ, ವೇಗಕುಂಠನ ಮೂರು ಪಟ್ಟಾಗುತ್ತದೆ. ಮರದ ಗಂಟು, ವರ್ಷವಲಯಗಳು ಮಾತ್ರ ಮಾದರಿಯೊಡನೆ ಚಿಕ್ಕದಾಗುವುದಿಲ್ಲ. ಈ ಸಂಶಯ ನಿವಾರಣೆಗೆ ಪೂರ್ಣ ಗಾತ್ರದ ಪರೀಕ್ಷೆಯೇ ಉತ್ತಮ. ಬರ್ಲಿನ್ನಿನ ದಕ್ಷಿಣಕ್ಕಿರುವ ಹೊರ್ಸ್ಟ್‌ವಾಲ್ಡೆಯಲ್ಲಿ ಜರ್ಮನಿಯ ವಸ್ತು ಸಂಶೋಧನ ಸಂಸ್ಥೆಯಾದ ‘ಬಾಮ್’ 2004ರಿಂದ ನಡೆಸುತ್ತಿರುವ ಗೋಪುರದಲ್ಲಿ 200 ಟನ್ ಭಾರದ ಸಂಪುಟವನ್ನೂ ಎತ್ತಿ ಬೀಳಿಸಬಹುದು.

ವ್ಯಾಕರಣವನ್ನು ಓದಿದವರಿಗೆ ಇದರ ಮರ್ಮ ಅಪರಿಚಿತವಲ್ಲ. ಲಕ್ಷಣವು ಲಕ್ಷ್ಯಕ್ಕೆ ಹೊಂದಬೇಕು. ಪ್ರಯೋಗದ ಬೆಂಬಲವಿಲ್ಲದ ಸೂತ್ರಕ್ಕೆ ವೈಯಾಕರಣರ ಸಭೆಯಲ್ಲಿ ಬೆಲೆಯಿಲ್ಲ. ನಾವು ‘ಪ್ರಯೋಗ’ ಎಂದು ಭಾಷೆಯ ಬಳಕೆಗೆ ಹೇಳುತ್ತೇವೆ. ವಿಜ್ಞಾನದ ಅಧ್ಯಾಪಕರು ಅದೇ ಮಾತನ್ನು ಪರೀಕ್ಷೆಗೆ ಹೇಳುತ್ತಾರೆ. ಸೂತ್ರವು ಎಲ್ಲ ಪತನಗಳನ್ನೂ ಹೇಳಬಲ್ಲುದು, ಆದರೆ ತಾನು ಸರಿಯೆಂದು ತಾನೇ ಸಾಧಿಸಲಾರದು. ಪ್ರಯೋಗವು ಸಾಧಿಸಬಲ್ಲುದು, ಆದರೆ ಬೀಳಿಸಿದ ಒಂದು ಪತನವನ್ನು ಮಾತ್ರ. ಎರಡೂ ಪರಸ್ಪರ ಸಾಕ್ಷಿಯಾದಾಗಲೇ ಆಸ್ಪತ್ರೆಯ ರೋಗಿಗೂ, ದಾರಿಯ ಬದಿಯ ಹಳ್ಳಿಯವನಿಗೂ ಏಕಕಾಲದಲ್ಲಿ ನ್ಯಾಯ ಸಲ್ಲುತ್ತದೆ. ಹೆದರಿದವನಿಗೆ ‘ಹೆದರಬೇಡ’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ ಬೀಳಿಸಿ ನೋಡಿದ್ದೀರಿ ಎಂದು ಕೇಳುವ ಹಕ್ಕು ಅವನಿಗುಂಟು. ಆ ಪ್ರಶ್ನೆಯನ್ನು ಕೇಳಬಲ್ಲ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು ನಮ್ಮಂತಹ ಶಾಲೆಗಳ ಕೆಲಸ.